ಒಂದೇ ಸೀಟಿನ ವಿಮಾನ ಹೊತ್ತು ಫ್ರಾನ್ಸಿಗೆ

ಭೀಮರಾಯನಗುಡಿ, ಹೊರಡುವ ಮುಂಚೆ

ಮನೆಯ ಹಿಂದಿನ ಪತ್ರಾಸ್ ಶೆಡ್ಡಿನಲ್ಲಿ ವಿಮಾನ ಕಟ್ಟುತ್ತಿದ್ದೇನೆ ಎಂದು ಹೇಳಿದರೆ ನಮ್ಮ ಕಡೆ ಯಾರೂ ಹುಬ್ಬೇರಿಸುವುದಿಲ್ಲ. ಬಿಸಿಲಿಗೆ ತಲೆ ಕೆಟ್ಟವರನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಎಲ್ಲರೂ ಕೇಳುವುದು ಒಂದೇ ಪ್ರಶ್ನೆ, "ಎಷ್ಟು ಮಂದಿ ಕೂಡ್ತಾರ್ರಿ?" ಶಹಾಪುರದಿಂದ ಸುರಪುರಕ್ಕೆ ಹೋಗುವ ಟಂಟಂ ಒಳಗೆ ಜಾಗವಿಲ್ಲದೆ ಮಂದಿ ಹಿಂದೆ ಜೋತಾಡುವುದನ್ನು ದಿನವೂ ಕಾಣುವವರಿಗೆ ಅದು ನ್ಯಾಯವಾದ ಪ್ರಶ್ನೆಯೇ. "ಒಬ್ಬ" ಎಂದರೆ ಅವರ ಮುಖ ಸಣ್ಣದಾಗುತ್ತದೆ. "ಒಬ್ಬನ ಸಲುವಾಗಿ ಇಷ್ಟೆಲ್ಲಾ ಉಸಾಬರಿ?" ಎಂದು ಚಹಾ ಕುಡಿದು ಹೋಗುತ್ತಾರೆ.

ಆ ಒಬ್ಬ ಯಾರು ಎಂದು ಮಾತ್ರ ಯಾರೂ ಕೇಳಿರಲಿಲ್ಲ. ಕೇಳುವುದೇನಿದೆ? ಕಟ್ಟುವವನು ನಾನು. ಹೆಸರು ಬೇರೆ ಹಣಮಂತ. ಹಾರುವುದು ನನ್ನ ಜನ್ಮಸಿದ್ಧ ಹಕ್ಕು ಎಂದೇ ತಿಳಿದಿದ್ದೆ.

ನಾನು ಕೆಲಸದಲ್ಲಿದ್ದಾಗ ಕಾಲುವೆಯ ನಕ್ಷೆ ಬರೆಯುತ್ತಿದ್ದೆ. ತೂಬು, ಬಾಗಿಲು, ಬಾಗಿಲು ಎತ್ತುವ ತಿರುಪು ಇವೇ ನನ್ನ ಲೋಕ. ಆ ಕೆಲಸದ ಮೊದಲ ಪಾಠ, ಅನುಮಾನ ಬಂದರೆ ಇನ್ನಷ್ಟು ಕಬ್ಬಿಣ ಸೇರಿಸು. ನೀರು ಯಾರ ಮುಲಾಜಿಗೂ ನಿಲ್ಲುವುದಿಲ್ಲ. ನಿವೃತ್ತನಾದ ಮೇಲೆ ವಿಮಾನದ ಹುಚ್ಚು ಹಿಡಿದಾಗ ಅದೇ ಕೈಯಿಂದ ನಕ್ಷೆ ಬರೆದೆ. ಒಂದು ಬೋಲ್ಟ್ ಸಾಕಾಗುವ ಕಡೆ ಮೂರು, ಪ್ಲೈವುಡ್ ಸಾಕಾಗುವ ಕಡೆ ಉಕ್ಕಿನ ಪಟ್ಟಿ. "ಇರ್ಲಿ ಬಿಡು" ಎನ್ನುತ್ತಾ ಸೇರಿಸುತ್ತಲೇ ಹೋದೆ.

ನನ್ನ ಹೆಂಡತಿ ನೀಲಮ್ಮ ಅಂಟು ಹಚ್ಚುವುದು, ಪಟ್ಟಿ ಕತ್ತರಿಸುವುದು, ಉಜ್ಜುವುದು ಎಲ್ಲ ಕೆಲಸದಲ್ಲೂ ಜೊತೆಗಿದ್ದಳು. ಒಂದು ದಿನ ರೆಕ್ಕೆಯ ಬುಡದ ಕಬ್ಬಿಣವನ್ನು ಎರಡೂ ಕೈಯಿಂದ ಎತ್ತಿ ನೋಡಿ ಕೆಳಗಿಟ್ಟಳು.

"ಏನ್ರೀ ಇದು? ಇಮಾನ ಮಾಡಾಕತ್ತೀರೋ ಕಾಲುವಿ ಗೇಟ್ ಮಾಡಾಕತ್ತೀರೋ?"

"ಗಟ್ಟಿ ಇರಬೇಕಲ್ಲ."

"ಗಟ್ಟಿ ಏನೋ ಅದ. ಮ್ಯಾಲ ಏಳಬೇಕಲ್ರಿ. ಹರಗೋಲ ಹೊತ್ಕೊಂಡು ನಡ್ಯಾಕ ಬರಬೇಕು, ಬರಲಿಲ್ಲಂದ್ರ ಅದು ಮಂಚ ಅಂತಿದ್ದ ನಮ್ಮಪ್ಪ."

ಅವಳ ಅಪ್ಪ, ಅಂದರೆ ನಮ್ಮ ಮಾವ, ವಡಗೇರಾ ಕಡೆಯ ಹೊಳೆದಂಡೆಯಲ್ಲಿ ಹರಗೋಲು ನಡೆಸಿದವರು. ಬಿದಿರು ಹೆಣೆದು, ಮೇಲೆ ಹೊದಿಕೆ ಎಳೆದು, ಡಾಂಬರು ಬಳಿದ ಆ ದುಂಡನೆಯ ದೋಣಿಯನ್ನು ಈಗಿನ ಹುಡುಗರು ನೋಡಿರಲಿಕ್ಕಿಲ್ಲ. ಸೇತುವೆ ಬಂದ ಮೇಲೆ ಅದರ ಕಾಲ ಮುಗಿಯಿತು. ಆದರೆ ಅದೇ ದಂಡೆಯಲ್ಲಿ ಬೆಳೆದ ನನಗೆ ಹರಗೋಲಿನ ಕಾಯಿದೆ ಚೆನ್ನಾಗಿ ನೆನಪಿದೆ. ಯಾರು ಎಲ್ಲಿ ಕೂಡಬೇಕೆಂದು ಹೇಳುವವರು ಮಾವ. ದಪ್ಪನವರು ನಡುವೆ, ಹಗುರದವರು ಅಂಚಿಗೆ. ನೀರು ಅಂಚಿಗೆ ತೀರಾ ಹತ್ತಿರ ಬಂತೋ, ಎಲ್ಲರಿಗಿಂತ ಭಾರದವರ ಕಡೆ ನೋಡಿ, "ನೀವು ಇಳೀರಿ, ಮುಂದಿನ ಪಾಳಿಗಿ ಬರ್ರಿ" ಎಂದುಬಿಡುತ್ತಿದ್ದರು. ಊರ ಗೌಡನಾದರೂ ಸರಿ, ಫೌಜದಾರನಾದರೂ ಸರಿ, ಆ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲ, ಯಾರೂ ಅದನ್ನು ಅವಮಾನವೆಂದು ತಿಳಿಯುತ್ತಿರಲಿಲ್ಲ. ಇಳಿದವನು ಸುಮ್ಮನೆ ನಿಲ್ಲುವಂತೆಯೂ ಇರಲಿಲ್ಲ. ಧೋತರ ಎತ್ತಿಕಟ್ಟಿ ಮೊಣಕಾಲು ನೀರಿಗೆ ಇಳಿದು ಹರಗೋಲಿಗೆ ಕೈಹಚ್ಚಿ ನೂಕಬೇಕು. ಅದು ಅವನ ಪಾಲಿನ ಕೆಲಸ.

ಫ್ರಾನ್ಸಿನ ಮಾರ್ಸೆಲ್ ನನಗೆ ಇಂಟರ್‌ನೆಟ್ಟಿನಲ್ಲಿ ಸಿಕ್ಕ ಗೆಳೆಯ. ಮನೆಯಲ್ಲೇ ವಿಮಾನ ಕಟ್ಟುವವರು ಜಗತ್ತಿನ ತುಂಬ ಇದ್ದಾರೆ, ಅವರೆಲ್ಲ ಒಬ್ಬರ ತಪ್ಪನ್ನೊಬ್ಬರು ತೋರಿಸುತ್ತಾ ಸುಖವಾಗಿದ್ದಾರೆ. ಮಾರ್ಸೆಲ್ ಎಪ್ಪತ್ತು ದಾಟಿದ ಬಡಗಿ. ಎರಡು ವಿಮಾನ ಕಟ್ಟಿ ಹಾರಿಸಿ ಮೂರನೆಯದಕ್ಕೆ ಕೈಹಾಕಿದ್ದ. ನಾನು ಪ್ರಶ್ನೆಗಳಿಂದ ಅವನ ತಲೆ ತಿನ್ನುತ್ತಿದ್ದೆ. ಮೇಲ್ಗಡೆ ರೆಕ್ಕೆಯೋ ಕೆಳಗಡೆ ರೆಕ್ಕೆಯೋ? ಮೂರನೆಯ ಗಾಲಿ ಮೂಗಿಗೋ ಬಾಲಕ್ಕೋ? ಕೊನೆಗೆ ಅವನು ಬರೆದ, "ಹೆಂಡತಿಯನ್ನೂ ಕರೆದುಕೊಂಡು ಬಾ. ನನ್ನ ರೆಕ್ಕೆಗೆ ಬಟ್ಟೆ ಹೊದಿಸಲು ಕೈ ಬೇಕು. ನಿನ್ನ ನಕ್ಷೆ ನಾನು ನೋಡುತ್ತೇನೆ." ಕಂಡರಿಯದವನನ್ನು ಮನೆಗೆ ಕರೆದ ಆ ಮನುಷ್ಯನಿಗೆ ನಾನು ಅಂದಿನಿಂದಲೇ ಋಣಿ.

ಪ್ಯಾರಿಸ್, ವಿಮಾನ ನಿಲ್ದಾಣ

ನಮ್ಮ ಪೆಟ್ಟಿಗೆಯಲ್ಲಿ ಮೂರು ಮುಖ್ಯ ವಸ್ತುಗಳಿದ್ದವು. ನಕ್ಷೆಗಳ ಸುರುಳಿ, ಮಾದರಿಗೆಂದು ತಂದ ರೆಕ್ಕೆಯ ಒಂದು ಪಕ್ಕೆಲುಬು, ಮತ್ತು ನೀಲಮ್ಮ ಕಟ್ಟಿದ ಕಡಕ್ ರೊಟ್ಟಿ. ಪಕ್ಕೆಲುಬು ಎಂದರೆ ಕಟ್ಟಿಗೆಯ ಕಡ್ಡಿಗಳಿಂದ ಮಾಡಿದ ಮೀನಿನಾಕಾರದ ಚೌಕಟ್ಟು, ರೆಕ್ಕೆಗೆ ಆಕಾರ ಕೊಡುವುದು ಅದೇ. ತಪಾಸಣೆಯವರು ಅದನ್ನು ಹಿಡಿದು ಕೇಳುತ್ತಾರೆಂದು ನಾನು ಇಂಗ್ಲಿಷಿನಲ್ಲಿ ಉತ್ತರ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ತಪಾಸಣೆಯ ಹೆಣ್ಣುಮಗಳು ಅದನ್ನು ನೋಡಿ ತಲೆಯಾಡಿಸಿ ಬದಿಗಿಟ್ಟಳು. ಅವಳಿಗೆ ಅನುಮಾನ ಬಂದದ್ದು ರೊಟ್ಟಿಯ ಮೇಲೆ.

ಒಂದನ್ನು ತೆಗೆದು ಬಗ್ಗಿಸಲು ನೋಡಿದಳು, ಮೇಜಿನ ಅಂಚಿಗೆ ಟಕಟಕ ಬಡಿದಳು, ಬೆಳಕಿಗೆ ಹಿಡಿದಳು. ತಿನ್ನುವುದು ಎಂದರೆ ನಂಬಲಿಲ್ಲ. ನೀಲಮ್ಮ ಮುಂದೆ ಬಂದು ಅವಳ ಕೈಯಿಂದಲೇ ರೊಟ್ಟಿ ಇಸಿದುಕೊಂಡು, ಕಟಕ್ಕನೆ ಮುರಿದು ತಾನೊಂದು ಚೂರು ಬಾಯಿಗಿಟ್ಟು, ಇನ್ನೊಂದು ಚೂರನ್ನು ಅವಳ ಮುಂದೆ ಹಿಡಿದಳು. "ತಿನ್ನವ್ವ, ಹಲ್ಲು ಗಟ್ಟಿ ಅದಾವಿಲ್ಲೋ ನೋಡೋಣು."

ಹುಡುಗಿ ತಿನ್ನಲಿಲ್ಲ, ಅವಳ ಕಾಯಿದೆ ಬಿಡುವುದಿಲ್ಲ ಎಂದು ಕಾಣುತ್ತದೆ. ಆದರೆ ನಕ್ಕು ಪೆಟ್ಟಿಗೆ ಮುಚ್ಚಿದಳು.

ಮಾರ್ಸೆಲ್‌ನ ಹಳ್ಳಿ

ರೈಲಿನಿಂದ ಇಳಿದು ಕಾರಿನಲ್ಲಿ ಹೋದಷ್ಟು ದೂರವೂ ಹಳದಿ ಹೂವಿನ ಹೊಲಗಳು. ನಮ್ಮ ಕಡೆಯ ಸೂರ್ಯಕಾಂತಿಯೋ ಎಂದು ನೋಡಿದರೆ ಸಾಸಿವೆಯ ಜಾತಿಯದು. ಅಷ್ಟು ದೊಡ್ಡ ಹೊಲಗಳಲ್ಲಿ ಒಂದೇ ಒಂದು ಮನುಷ್ಯನ ತಲೆ ಕಾಣಲಿಲ್ಲ. "ಬಿತ್ತಿದವರು ಎಲ್ಲಿ ಹೋಗ್ಯಾರ್ರಿ?" ಎಂದು ನೀಲಮ್ಮ ಕೇಳುತ್ತಲೇ ಇದ್ದಳು.

ಮಾರ್ಸೆಲ್‌ನ ವಿಮಾನ ಕಟ್ಟುವ ಶೆಡ್ಡು ಮೊದಲು ದನದ ಕೊಟ್ಟಿಗೆಯಾಗಿತ್ತು. ಗೋದಲಿಯಲ್ಲಿ ಈಗ ಕಟ್ಟಿಗೆ ಪಟ್ಟಿಗಳು. ಹಿಂದೆ ಹುಲ್ಲು ಕತ್ತರಿಸಿ ಮಾಡಿದ ಉದ್ದನೆಯ ಬಯಲು, ಅದೇ ರನ್‌ವೇ. ಸುತ್ತಲಿನ ನಾಲ್ಕಾರು ವಿಮಾನದ ಹುಚ್ಚರು ಬೆಳಿಗ್ಗೆ ಅಲ್ಲಿ ಸೇರುತ್ತಿದ್ದರು. ಬಂದವನು ಮೊದಲು ಪ್ರತಿಯೊಬ್ಬರ ಕೈ ಕುಲುಕಬೇಕು. ಒಬ್ಬನ ಕೈ ಅಂಟಿನಲ್ಲಿ ಅದ್ದಿದ್ದರೆ ಅವನು ಮೊಣಕೈ ಚಾಚುತ್ತಾನೆ, ಆ ಮೊಣಕೈಯನ್ನೇ ಕುಲುಕಬೇಕು. ನಾನು ಮೊದಲ ದಿನ ಇದು ತಿಳಿಯದೆ ನೇರ ಹೋಗಿ ರೆಕ್ಕೆ ನೋಡುತ್ತಾ ನಿಂತೆ. ಅಂದು ಮಧ್ಯಾಹ್ನದವರೆಗೆ ಯಾರೂ ನನ್ನೊಡನೆ ಮಾತಾಡಲಿಲ್ಲ.

ಬ್ರೆಡ್ ಅಂಗಡಿಯಲ್ಲೂ ಹಾಗೇ ಆಯಿತು. ನಮ್ಮ ಶಹಾಪುರದ ರೂಢಿಯಂತೆ ಒಳಗೆ ಹೋದವನೇ "ಎರಡು ಕೊಡಿ" ಎಂದು ಬೆರಳು ತೋರಿಸಿದೆ. ಅಂಗಡಿಯಾಕೆ ನನ್ನ ಹಿಂದಿನ ಗೋಡೆಯನ್ನು ನೋಡುತ್ತಾ ನಿಂತಳು. ಮತ್ತೆ ಹೇಳಿದೆ, ಮತ್ತೆ ಗೋಡೆ. ಮಾರ್ಸೆಲ್‌ನ ಹೆಂಡತಿ ಓಡೆತ್ ಹಿಂದಿನಿಂದ ಬಂದು, ಮೊದಲು "ಬೋಂಜೂರ್" ಅನ್ನು ಎಂದು ಕಿವಿಯಲ್ಲಿ ಹೇಳಿದಳು. ಅಂದೆ. ಆಕೆಯ ಮುಖದಲ್ಲಿ ದೀಪ ಹತ್ತಿತು, ಎರಡು ಬ್ರೆಡ್ಡೂ ಬಂದವು, ಹವಾಮಾನದ ವರದಿಯೂ ಬಂತು. ನಮ್ಮಲ್ಲಿ "ಊಟಾತೇನ್ರಿ" ಎನ್ನದೆ ವ್ಯವಹಾರ ಶುರು ಮಾಡಿದರೆ ಹಿರಿಯರು ಹೀಗೇ ಗೋಡೆ ನೋಡುತ್ತಿದ್ದರಲ್ಲ ಎಂದು ಆಮೇಲೆ ಹೊಳೆಯಿತು.

ಓಡೆತ್‌ಗೆ ಇಂಗ್ಲಿಷ್ ಬಾರದು, ನೀಲಮ್ಮನಿಗೆ ಫ್ರೆಂಚ್ ಬಾರದು. ಅವರಿಬ್ಬರೂ ಬೆಳಗಿನಿಂದ ಸಂಜೆಯವರೆಗೆ ಮಾತಾಡುತ್ತಿದ್ದರು. ಮಾರ್ಸೆಲ್‌ಗೂ ನನಗೂ ಅರೆಬರೆ ಇಂಗ್ಲಿಷ್ ಬರುತ್ತಿತ್ತು, ಆದ್ದರಿಂದಲೇ ನಮ್ಮ ನಡುವೆ ಜಗಳವಾಗುತ್ತಿತ್ತು.

ಅಡುಗೆಮನೆಯ ತಕ್ಕಡಿ

ಮಾರ್ಸೆಲ್ ನನ್ನ ನಕ್ಷೆ ಬಿಚ್ಚುವ ಮೊದಲು ಓಡೆತ್‌ಳ ಅಡುಗೆಮನೆಯಿಂದ ಹಿಟ್ಟು ತೂಗುವ ಪುಟ್ಟ ತಕ್ಕಡಿ ತಂದು ಮೇಜಿನ ಮೇಲಿಟ್ಟ. ನನ್ನ ಪಕ್ಕೆಲುಬನ್ನು ತೂಗಿದ. ತನ್ನದೊಂದನ್ನು ತೂಗಿದ. ನನ್ನದು ಅವನದಕ್ಕಿಂತ ಎರಡು ಪಟ್ಟು. ಆಮೇಲೆ ಒಂದು ಕಡಕ್ ರೊಟ್ಟಿ ತೂಗಿದ. ರೊಟ್ಟಿಯನ್ನು ಎರಡೂ ಅಂಚಿಗೆ ಹಿಡಿದು ಒತ್ತಿ, ಮುರಿಯುವವರೆಗೆ ಕಾದು, "ಇದು ನಿನ್ನ ಪಕ್ಕೆಲುಬಿಗಿಂತ ಒಳ್ಳೆಯ ವಿನ್ಯಾಸ" ಎಂದ.

ಆಮೇಲಿನ ದಿನಗಳು ಒಂದು ದೊಡ್ಡ ವಾದ. ರೆಕ್ಕೆಯ ವಿಷಯದಲ್ಲಿ ನಾನು ಗೆದ್ದೆ. ಅಲ್ಲಿಯವರು ರೆಕ್ಕೆಯನ್ನು ಕೆಳಗಿಟ್ಟು, ತಲೆಯ ಮೇಲೆ ಗಾಜಿನ ಗುಮ್ಮಟ ಕೂಡಿಸಿ ಬಿಸಿಲು ಕಾಯಿಸಿಕೊಳ್ಳುತ್ತಾರೆ. ನಮ್ಮ ಯಾದಗಿರಿಯ ವೈಶಾಖದಲ್ಲಿ ಹಾಗೆ ಕೂತರೆ ಮನುಷ್ಯ ಹುರಿದ ಶೇಂಗಾ ಆಗುತ್ತಾನೆ. ರೆಕ್ಕೆ ಮೇಲಿದ್ದರೆ ಕೊಡೆ ಹಿಡಿದ ಹಾಗೆ ಎಂದೆ, ಒಪ್ಪಿದ. ಗಾಲಿಯ ವಿಷಯದಲ್ಲೂ ಗೆದ್ದೆ. ನಮ್ಮದು ಎರೆಮಣ್ಣು, ಎರಡು ಹನಿ ಬಿದ್ದರೆ ಚಪ್ಪಲಿ ಬಿಡುವುದಿಲ್ಲ. ಮೂಗಿಗೆ ಗಾಲಿ ಇಟ್ಟರೆ ಅದು ಹೂತುಹೋಗಿ ವಿಮಾನ ಸಾಷ್ಟಾಂಗ ಹಾಕುತ್ತದೆ. ಬಾಲಕ್ಕೆ ಗಾಲಿ, ಮುಂದೆ ಎರಡು ದಪ್ಪ ಟೈರು ಎಂದು ತೀರ್ಮಾನವಾಯಿತು.

ಉಳಿದಲ್ಲೆಲ್ಲ ಸೋತೆ. ಪ್ರತಿ ಬೋಲ್ಟಿಗೂ ಮಾರ್ಸೆಲ್ ಒಂದೇ ಪ್ರಶ್ನೆ ಹಾಕುತ್ತಿದ್ದ, "ಇದನ್ನು ತೆಗೆದರೆ ಏನು ಬೀಳುತ್ತದೆ?" ನಾನು "ಇರಲಿ ಅಂತ" ಎಂದರೆ ಅವನ ಪೆನ್ಸಿಲ್ ಅದನ್ನು ಕಾಟು ಹೊಡೆಯುತ್ತಿತ್ತು. ಅಷ್ಟು ವರ್ಷ ಸೇರಿಸುವುದನ್ನೇ ಕಲಿತ ಕೈಗೆ ತೆಗೆಯುವುದು ಬಲು ಕಷ್ಟವಾಯಿತು. ಕಾಲುವೆ ಬಾಗಿಲು ಎಲ್ಲಿಗೂ ಹೋಗಬೇಕಾಗಿಲ್ಲ, ವಿಮಾನ ಹೋಗಬೇಕು, ಎರಡಕ್ಕೂ ಒಂದೇ ಬುದ್ಧಿ ಹಾಕಿದ್ದೆ. ತಾಳ್ಮೆಯಿಂದ ನನ್ನ ಕಬ್ಬಿಣ ಇಳಿಸಿದ ಆ ಮುದುಕನನ್ನು ನೆನೆದಾಗಲೆಲ್ಲ ಕೈ ಮುಗಿಯಬೇಕೆನಿಸುತ್ತದೆ.

ಇತ್ತ ತಕ್ಕಡಿಯಿಲ್ಲದೆ ಓಡೆತ್ ಅಂದಾಜಿನ ಮೇಲೆ ಕೇಕ್ ಮಾಡಿದಳು. ಅದು ಉಬ್ಬಲಿಲ್ಲ. ಆ ಕೇಕಿಗೆ "ಹಣಮಂತನ ವಿಮಾನ" ಎಂದೇ ಹೆಸರಿಟ್ಟು ಎಲ್ಲರೂ ತಿಂದರು.

ಹಲಗೆ ಮತ್ತು ಕಸಬರಿಗೆ

ಎಲ್ಲ ಕಬ್ಬಿಣ ಇಳಿಸಿದ ಮೇಲೆ ಮಾರ್ಸೆಲ್ ಕೊಟ್ಟಿಗೆಯ ನೆಲದ ಮೇಲೆ ಎರಡು ಇಟ್ಟಿಗೆ ಇಟ್ಟು ಹಲಗೆ ಹಾಕಿದ. "ಕೂಡು" ಎಂದ. ಎರಡು ಮೊಣಕಾಲ ನಡುವೆ ಕಸಬರಿಗೆಯ ಕೋಲು ಕೊಟ್ಟ, ಅದು ವಿಮಾನ ನಡೆಸುವ ಕೋಲು. ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದ. ಮನುಷ್ಯನನ್ನು ಮೊದಲು ಬರೆದು ಅವನ ಸುತ್ತ ವಿಮಾನ ಬರೆಯಬೇಕಂತೆ. ನಾನು ವಿಮಾನ ಬರೆದು ಅದರೊಳಗೆ ನನ್ನನ್ನು ತುರುಕಲು ನೋಡಿದ್ದೆ. ಗೆರೆ ನನ್ನ ನಕ್ಷೆಯ ಗೋಡೆಗಳನ್ನು ಎರಡೂ ಕಡೆ ದಾಟಿ ಹೋಯಿತು.

ನಂತರ ಧಾನ್ಯ ತೂಗುವ ದೊಡ್ಡ ತಕ್ಕಡಿ ಹತ್ತಿಸಿದ. ಮುಳ್ಳು ನೋಡಿ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದ. ಹೋಲಿಸಿ ನೋಡಲು ನೀಲಮ್ಮನನ್ನೂ ಹತ್ತಿಸಿದ. ಅವಳು ನನ್ನ ಅರ್ಧಕ್ಕಿಂತ ಒಂದು ಬುಟ್ಟಿ ಧಾನ್ಯದಷ್ಟು ಹೆಚ್ಚು, ಅಷ್ಟೇ.

"ನಿಮ್ಮ ಊರಿನಲ್ಲಿ ಬೇಸಿಗೆ ಎಷ್ಟು ಬಿಸಿ?" ಎಂದು ಕೇಳಿದ. ಹೇಳಿದೆ. ತಮಾಷೆ ಎಂದುಕೊಂಡ. ತಮಾಷೆಯಲ್ಲ ಎಂದಾಗ ಪೆನ್ಸಿಲ್ ಕೆಳಗಿಟ್ಟ. ಬಿಸಿಗಾಳಿ ತೆಳುವಾದ ಗಾಳಿ. ಅದರಲ್ಲಿ ರೆಕ್ಕೆಯ ಬಲವೂ ಕಡಿಮೆ, ಎಂಜಿನ್ನಿನ ಬಲವೂ ಕಡಿಮೆ. ಇಲ್ಲಿಯ ತಂಪಿನಲ್ಲಿ ನನ್ನ ಎಂಜಿನ್ ನನ್ನನ್ನು ಹೇಗೋ ಎತ್ತಿಯಾದರೂ ಎತ್ತೀತು, ಭೀಮರಾಯನಗುಡಿಯ ಬಿಸಿಲಿನಲ್ಲಿ ಹೊಲದ ಬದುವಿನವರೆಗೆ ಓಡಿ ಬದುವಿಗೆ ಬಡಿಯುತ್ತದೆ ಎಂದ.

ದಾರಿ ಮೂರು ಎಂದು ಗೋಡೆಯ ಮೇಲೆ ಬರೆದ. ದೊಡ್ಡ ಎಂಜಿನ್ ಹಾಕುವುದು ಒಂದು. ಆದರೆ ದೊಡ್ಡ ಎಂಜಿನ್ ಎಂದರೆ ಹೆಚ್ಚು ಭಾರ, ಅದಕ್ಕೆ ಹೆಚ್ಚು ಎಣ್ಣೆ, ಅದನ್ನು ಹೊರಲು ಗಟ್ಟಿ ತೊಲೆ, ಆ ತೊಲೆಯದ್ದು ಮತ್ತೆ ಭಾರ. ರೆಕ್ಕೆ ದೊಡ್ಡದು ಮಾಡುವುದು ಎರಡನೆಯದು. ಅದೂ ಅದೇ ಕತೆ, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದ ಹಾಗೆ. ಮೂರನೆಯದನ್ನು ಅವನು ಬಾಯಿಂದ ಹೇಳಲು ಸಂಕೋಚಪಟ್ಟು ಎರಡು ಚಿತ್ರ ಬರೆದ. ಒಂದು ದಪ್ಪ ಮನುಷ್ಯ, ಒಂದು ತೆಳ್ಳನ ಮನುಷ್ಯ.

"ತೂಕ ಇಳಿಸುತ್ತೇನೆ" ಎಂದೆ.

"ನಾನೂ ಮೂವತ್ತು ವರ್ಷದಿಂದ ಅದನ್ನೇ ಹೇಳುತ್ತಿದ್ದೇನೆ" ಎಂದು ಬ್ರೆಡ್ ಮುರಿದು ಅರ್ಧ ನನಗೆ ಕೊಟ್ಟ. ಇಸಿದುಕೊಂಡು ತಿಂದೆ.

ನೀಲಮ್ಮ ಅತ್ತ ಅಂಟು ಕಲಸುತ್ತಿದ್ದಳು. "ಏನಂತಾನ್ರಿ ಮುದುಕ?" ಎಂದಳು. ಎರಡು ದಾರಿಗಳನ್ನು ಕನ್ನಡದಲ್ಲಿ ವಿವರಿಸಿದೆ. ಮೂರನೆಯದನ್ನು ಬಿಟ್ಟೆ. ಆದರೆ ಚಿತ್ರ ಗೋಡೆಯ ಮೇಲೆಯೇ ಇತ್ತು. ಅವಳು ಬಟ್ಟಲು ಹಿಡಿದು ಅದನ್ನೇ ನೋಡುತ್ತಾ ನಿಂತಳು.

ಭಾನುವಾರ, ಆಕಾಶದಲ್ಲಿ

ಮಾರ್ಸೆಲ್‌ನ ಹಳೆಯ ವಿಮಾನದಲ್ಲಿ ಎರಡು ಸೀಟು. ಭಾನುವಾರ ಮೊದಲು ನನ್ನನ್ನು ಕೂಡಿಸಿಕೊಂಡು ಹಾರಿದ. ಕೆಳಗೆ ಹಳದಿ ಹೊಲಗಳು, ಆಟಿಕೆಯಂಥ ಹಸುಗಳು, ಕಣ್ಣು ತುಂಬಿ ಬಂತು. ಅಷ್ಟು ವರ್ಷದ ಆಸೆ. ಆಗ ಅವನು ಕೋಲು ನನ್ನ ಕೈಗೆ ಕೊಟ್ಟ. ನಾನು ಅದನ್ನು ಕಾಲುವೆಯ ಬಾಗಿಲು ಎತ್ತುವ ತಿರುಪಿನಂತೆ ಹಿಡಿದೆ. ವಿಮಾನ ಎಡಕ್ಕೆ ವಾಲಿತು, ನಾನು ಬಲಕ್ಕೆ ಎಳೆದೆ, ಅದು ಬಲಕ್ಕೆ ಬಿತ್ತು, ಎಡಕ್ಕೆ ಎಳೆದೆ. ಮಾರ್ಸೆಲ್ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ನಂತರ ನೀಲಮ್ಮನ ಸರದಿ. ಕೋಲು ಮೊಣಕಾಲ ನಡುವೆ ಬರುವುದರಿಂದ ಸೀರೆ ಆಗದು ಎಂದು ಓಡೆತ್ ತನ್ನ ತೋಟದ ಕೆಲಸದ ಪ್ಯಾಂಟು ತೊಡಿಸಿದಳು. "ಊರಾಗ ಯಾರ ಮುಂದೂ ಹೇಳಬ್ಯಾಡ್ರಿ ಮತ್ತ" ಎಂದು ನನಗೆ ತಾಕೀತು ಮಾಡಿ ಹತ್ತಿದಳು. ಇದನ್ನು ಬರೆಯಲು ಈಗ ಅವಳ ಒಪ್ಪಿಗೆ ಪಡೆದಿದ್ದೇನೆ.

ಹುಲ್ಲಿನ ಮೇಲೆ ನಿಂತು ನೋಡಿದೆ. ಸ್ವಲ್ಪ ಹೊತ್ತು ಮಾರ್ಸೆಲ್ ಹಾರಿಸುತ್ತಿದ್ದ. ಆಮೇಲೂ ಅವನೇ ಹಾರಿಸುತ್ತಿದ್ದಾನೆಂದು ತಿಳಿದೆ, ಏಕೆಂದರೆ ವಿಮಾನ ತುಂಬಿದ ಕೊಡ ಹೊತ್ತವರಂತೆ ಅಲುಗದೆ ಹೋಗುತ್ತಿತ್ತು. ಇಳಿದ ಮೇಲೆ ಮಾರ್ಸೆಲ್ ಎರಡೂ ಕೈ ಎತ್ತಿ ತೋರಿಸಿದ. ಹಳ್ಳಿಯನ್ನು ಸುತ್ತಿ ಬರುವಷ್ಟು ಹೊತ್ತು ತಾನು ಕೈ ಕಟ್ಟಿ ಕೂತಿದ್ದೆ ಎಂದ.

ನೀಲಮ್ಮನ ಕಣ್ಣು ಹೊಳೆಯುತ್ತಿದ್ದವು. "ಗಾಳಿನೂ ನೀರಿದ್ದಂಗೇ ಅದ ರೀ. ತಳದಾಗ ಸುಳಿ ಬಂದ್ರ ಕುಂಡಿಗಿ ಮೊದಲು ತಿಳೀತದ. ಹುಟ್ಟು ಹಾಕಿದಂಗ ಸಣ್ಣಗ ತಿರುವಿದ್ರ ಸಾಕು."

ಸಂಜೆ ಹೊಲದ ದಾರಿಯಲ್ಲಿ ನಡೆಯುತ್ತಿದ್ದಾಗ ಅವಳು ನಿಂತಳು.

"ನನಗ ಬೇಕ್ರಿ ಆ ಸೀಟು."

ನಾನು ಕೇಳಿಸದವನಂತೆ ಮಾಡಿದೆ.

"ಮೂರನೇ ದಾರಿ ನೀವು ಹೇಳಲಿಲ್ಲ. ಆದ್ರ ನಾ ನೋಡೀನಿ."

"ನಾ ಕಟ್ಟೀನಿ ಅದನ್ನ" ಎಂದೆ. ನನ್ನ ದನಿ ನನಗೇ ಸಣ್ಣ ಹುಡುಗನದರಂತೆ ಕೇಳಿಸಿತು.

"ಯಾರ ಕೂಡ ಕಟ್ಟೀರಿ?"

ವಾದದಲ್ಲಿ ಸೋತವರು ಮಾಡುವುದನ್ನೇ ಮಾಡಿದೆ, ಮುಖ ಊದಿಸಿಕೊಂಡೆ. ಮುಂದಿನ ಕೆಲವು ದಿನ ಮಾರ್ಸೆಲ್‌ನ ಹೊಸ ರೆಕ್ಕೆಗೆ ಬಟ್ಟೆ ಹೊದಿಸುತ್ತಾ ಆ ಕಡೆ ಅವಳು, ಈ ಕಡೆ ನಾನು. ನಡುವೆ ಎಳೆದು ಕಟ್ಟಿದ ಬಿಳಿ ಬಟ್ಟೆ. ಅವಳು ಸಿಟ್ಟಾಗಿರಲಿಲ್ಲ, ಕೇಳುವುದನ್ನು ಕೇಳಿ ಮುಗಿಸಿದ್ದಳು. ಉರಿಯುತ್ತಿದ್ದವನು ನಾನೊಬ್ಬನೇ. ಆಸೆ ನನ್ನದು, ನಕ್ಷೆ ನನ್ನದು, ಹೆಸರು ಹಣಮಂತ, ಹಾರುವವಳು ಇವಳೇ ಎಂದು ಒಳಗೊಳಗೆ ಕುದಿಯುತ್ತಿದ್ದೆ. ಬ್ರೆಡ್ ಬಿಟ್ಟೆ, ಬೆಣ್ಣೆ ಬಿಟ್ಟೆ. ಎರಡು ದಿನದ ಮೇಲೆ ದೊಡ್ಡ ತಕ್ಕಡಿ ಹತ್ತಿದೆ. ಮುಳ್ಳು ಕದಲಿರಲಿಲ್ಲ. ಅವತ್ತು ಓಡೆತ್ ಮಾಡಿದ್ದ ಆಲೂಗಡ್ಡೆ ಮೂರು ಸಲ ಹಾಕಿಸಿಕೊಂಡೆ.

ಹೊಳೆದಂಡೆ

ಊರಿನಾಚೆ ಒಂದು ಹೊಳೆ ಇತ್ತು. ನಮ್ಮ ಕೃಷ್ಣೆಯನ್ನು ನೋಡಿದವರು ಅದನ್ನು ಹಳ್ಳ ಎನ್ನುತ್ತಾರೆ, ಆದರೆ ನೀರು ಆಳವಾಗಿತ್ತು. ರಜೆಯ ದಿನ ಅತ್ತ ದಂಡೆಯ ಮರದ ಕೆಳಗೆ ಊಟ ಮಾಡೋಣ ಎಂದು ಮಾರ್ಸೆಲ್ ತನ್ನ ಚಪ್ಪಟೆ ತಳದ ದೋಣಿ ಬಿಚ್ಚಿದ. ಊಟದ ಬುಟ್ಟಿ ಹತ್ತಿತು, ಓಡೆತ್ ಹತ್ತಿದಳು, ಮಾರ್ಸೆಲ್ ಹತ್ತಿದ, ನೀಲಮ್ಮ ಹತ್ತಿದಳು. ಕೊನೆಗೆ ನಾನು ಹತ್ತಿದೆ. ದೋಣಿ ಉಸ್ಸೆಂದು ಕೂತಿತು. ನೀರು ಅಂಚಿನಿಂದ ನಾಲ್ಕು ಬೆರಳು ಕೆಳಗೆ.

ಮಾರ್ಸೆಲ್ ಮತ್ತು ಓಡೆತ್ ಅದನ್ನು ಗಮನಿಸದೆ ಯಾರು ಚೀಸ್ ಮರೆತರೆಂದು ಚರ್ಚಿಸುತ್ತಿದ್ದರು. ನೀಲಮ್ಮ ಎದ್ದು ನಿಂತಳು. ಅವಳ ಮುಖ ನೋಡಿದೆ, ಅದು ನನ್ನ ಹೆಂಡತಿಯ ಮುಖವಾಗಿರಲಿಲ್ಲ, ಮಾವನದಾಗಿತ್ತು.

"ಮುದುಕಾ, ನೀ ನಡುವ ಕೂಡು. ಅಕ್ಕಾ, ಬುಟ್ಟಿ ಕಾಲಾಗ ಇಟ್ಕೊ, ಈ ಕಡಿ ಸರಿ." ಇಬ್ಬರೂ ಕನ್ನಡ ಬಂದವರಂತೆ ಸರಿದು ಕೂತರು. ಆಮೇಲೆ ನನ್ನ ಕಡೆ ತಿರುಗಿದಳು. ಸಿಟ್ಟಿಲ್ಲ, ಸೇಡಿಲ್ಲ, ನೀರು ನೋಡಿದ ಕಣ್ಣಿನಿಂದಲೇ ನನ್ನನ್ನೂ ನೋಡಿ ಹೇಳಿದಳು.

"ನೀವು ಇಳೀರಿ. ಮುಂದಿನ ಪಾಳಿಗಿ ಬರ್ರಿ."

ನಾನು ಇಳಿದೆ. ಯೋಚಿಸಲಿಲ್ಲ, ವಾದಿಸಲಿಲ್ಲ. ಹರಗೋಲಿನ ದಂಡೆಯಲ್ಲಿ ಬೆಳೆದ ಮೈ ಆ ಮಾತು ಕೇಳಿದರೆ ತಾನೇ ಇಳಿಯುತ್ತದೆ. ಪ್ಯಾಂಟು ಮಡಚಿಕೊಂಡು ಮೊಣಕಾಲು ನೀರಿಗೆ ಹೋಗಿ ದೋಣಿಗೆ ಕೈಹಚ್ಚಿ ನೂಕಿದೆ. ದೋಣಿ ಹಗುರವಾಗಿ ತೇಲಿ ಹೋಯಿತು.

ನೀರು ಮಂಜುಗಡ್ಡೆಯಂತೆ ಕೊರೆಯುತ್ತಿತ್ತು, ಆದರೂ ಅಲ್ಲೇ ನಿಂತೆ. ಅದೇ ಅರ್ಥದ ಮಾತನ್ನು ಹೊಲದ ದಾರಿಯಲ್ಲಿ ಕೇಳಿ ದಿನಗಟ್ಟಲೆ ಉರಿದವನು ನೀರಿನ ಮೇಲೆ ಕೇಳಿ ಉಸಿರೆತ್ತದೆ ಇಳಿದಿದ್ದೆ. ಇಲ್ಲಿ ಅವಮಾನವಾಗಲಿಲ್ಲ, ಅಲ್ಲಿ ಯಾಕೆ ಆಯಿತು? ಗೌಡ, ಫೌಜದಾರರೇ ಇಳಿದಿದ್ದರು, ನಾನೇನು ಅವರಿಗಿಂತ ದೊಡ್ಡವನೇ? ಅವರಿಬ್ಬರನ್ನು ಅತ್ತ ದಂಡೆಗೆ ಇಳಿಸಿ ನನ್ನನ್ನು ಕರೆದೊಯ್ಯಲು ದೋಣಿ ತಿರುಗಿಸುತ್ತಿದ್ದ ನೀಲಮ್ಮನನ್ನು ನೋಡಿದೆ. ಮದುವೆಯಾಗಿ ಹೊಳೆ ಬಿಟ್ಟು ಕಾಲುವೆಯ ಕ್ಯಾಂಪಿಗೆ ಬಂದ ಮೇಲೆ ಅವಳ ಕೈಗೆ ಹುಟ್ಟು ಸಿಕ್ಕೇ ಇರಲಿಲ್ಲ ಎಂಬುದು ಆಗ ನೆನಪಾಯಿತು. ನನಗೆ ಅಳು ಬಂತು. ನಗುವೂ ಬಂತು.

ಎರಡನೆಯ ಪಾಳಿಗೆ ಹತ್ತಿ ಕೂತು, "ನಾಳೆ ಹಲಗಿ ಮ್ಯಾಲ ನೀ ಕೂಡು" ಎಂದೆ.

ಅವಳು ಹುಟ್ಟು ಹಾಕುತ್ತಲೇ ಇದ್ದಳು. ನಡುನೀರಿಗೆ ಬಂದ ಮೇಲೆ, "ಖರೇನೇನ್ರಿ?" ಎಂದಳು.

"ಖರೇನ."

"ಆಮ್ಯಾಲ ಮುಖ ಊದಸಬಾರದು."

"ಒಂದೆರಡು ದಿನ ಊದಸ್ತೀನಿ. ಅಷ್ಟಕ್ಕ ಮಾಫಿ ಇರ್ಲಿ."

ಮರುದಿನ ಅವಳು ಹಲಗೆಯ ಮೇಲೆ ಕೂತಳು. ಓಡೆತ್ ಕಸಬರಿಗೆ ಹಿಡಿದಳು, ಮಾರ್ಸೆಲ್ ಗೆರೆ ಎಳೆದ. ನಕ್ಷೆಯಲ್ಲಿ ಬಾಲ ತಿರುಗಿಸುವ ಪೆಡಲಿಗೆ ಅವಳ ಕಾಲು ಮುಟ್ಟಲಿಲ್ಲ, ಪೆಡಲು ಹಿಂದೆ ಬಂತು. ಪೆಡಲು ಹಿಂದೆ ಬಂದದ್ದಕ್ಕೆ ಮೂಗು ಗಿಡ್ಡವಾಯಿತು. ಭಾರ ಇಳಿದದ್ದಕ್ಕೆ ರೆಕ್ಕೆಯ ತೊಲೆ ತೆಳುವಾಯಿತು, ತೊಲೆ ತೆಳುವಾದದ್ದಕ್ಕೆ ಅದನ್ನು ಹಿಡಿಯುವ ಪಟ್ಟಿ ಸಣ್ಣದಾಯಿತು. ಅಲ್ಲಿಯವರೆಗೆ ಒಂದನ್ನು ಎಳೆದರೆ ಇನ್ನೊಂದು ಕೈಬಿಡುತ್ತಿದ್ದ ನಕ್ಷೆ ಗಂಟು ಬಿಚ್ಚಿದ ಹಗ್ಗದಂತೆ ತಾನಾಗಿ ಬಿಚ್ಚಿಕೊಂಡಿತು. ಮಾರ್ಸೆಲ್ ಲೆಕ್ಕ ಮುಗಿಸಿ ನಮ್ಮ ಊರಿನ ಬಿಸಿಲು ಹಾಕಿ ನೋಡಿದ. ಹೊಲದ ಬದುವಿಗಿಂತ ಬಹಳ ಮೊದಲೇ ಏಳುತ್ತದೆ ಎಂದ. ನಾನು ಅವನನ್ನು ಅಪ್ಪಿಕೊಂಡೆ, ಕೈ ಕುಲುಕಲು ಮರೆತು.

ಮರಳಿ ಭೀಮರಾಯನಗುಡಿ

ಹೊರಡುವ ದಿನ ಕೊಟ್ಟಿಗೆಯ ಹುಚ್ಚರೆಲ್ಲ ಬಂದಿದ್ದರು. ಎಲ್ಲರ ಕೈ ಕುಲುಕಿದೆ, ಒಂದು ಮೊಣಕೈಯನ್ನೂ. ಓಡೆತ್ ತನ್ನ ಹಿಟ್ಟಿನ ತಕ್ಕಡಿಯನ್ನು ಬಟ್ಟೆಯಲ್ಲಿ ಸುತ್ತಿ ನೀಲಮ್ಮನ ಕೈಗಿಟ್ಟಳು. ನೀಲಮ್ಮ ಉಳಿದ ಕಡಕ್ ರೊಟ್ಟಿಯನ್ನೆಲ್ಲ ಅವಳಿಗೆ ಕೊಟ್ಟಳು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಅತ್ತರು. ಯಾವ ಸಂಬಂಧವೂ ಇಲ್ಲದ ನಮಗೆ ಅವರು ಮನೆ ಬಿಟ್ಟುಕೊಟ್ಟರು, ತಕ್ಕಡಿ ಕೊಟ್ಟರು, ನನಗೆ ನನ್ನ ಹೆಂಡತಿಯನ್ನು ಇನ್ನೊಮ್ಮೆ ತೋರಿಸಿಕೊಟ್ಟರು. ಇದಕ್ಕೆ ಧನ್ಯವಾದ ಎಂಬ ಮಾತು ಸಣ್ಣದು, ಆದರೂ ಇಲ್ಲಿ ಹೇಳಿಬಿಡುತ್ತೇನೆ.

ನೀಲಮ್ಮ ಈಗ ಕಲಬುರಗಿಗೆ ಹೋಗಿ ಹಾರುವುದನ್ನು ಕಲಿಯುತ್ತಿದ್ದಾಳೆ. ವಿಮಾನಕ್ಕೆ ಸರ್ಕಾರದ ಅನುಮತಿ ತನ್ನ ಹೆಜ್ಜೆಯಲ್ಲಿ ಬರುತ್ತಿದೆ, ಬರಲಿ. ನಾನು ಶೆಡ್ಡಿನಲ್ಲಿ ಹಳೆಯ ಕಬ್ಬಿಣ ತೆಗೆಯುತ್ತಾ ಕೂತಿದ್ದೇನೆ. ಮುಖ ಊದಿಸುವುದು ಒಂದೆರಡು ದಿನಕ್ಕೆ ಮುಗಿಯಲಿಲ್ಲ ಎಂಬುದನ್ನೂ ಹೇಳಬೇಕು. ಅವಳ ಅಳತೆಯ ಸೀಟು ಮಾಡಿ ಮುಗಿಸಿದ ದಿನ, ಅವಳು ಇಲ್ಲದ ಹೊತ್ತಿನಲ್ಲಿ, ಒಮ್ಮೆ ಕೂಡಲು ನೋಡಿದೆ. ಒಳಗೇ ಹೋಗಲಿಲ್ಲ.

ಮೊನ್ನೆ ರೆಕ್ಕೆ ಇಲ್ಲದ ಮೈಗೆ ಗಾಲಿ ಜೋಡಿಸಿ ಮೊದಲ ಸಲ ಹೊರಗೆ ತಂದೆವು. ಗಾಲಿ ನೆಟ್ಟಗೆ ಹೋಗುತ್ತವೆಯೇ ಎಂದು ಬಯಲಿನಲ್ಲಿ ನೂಕಿ ನೋಡುವುದಷ್ಟೇ ಕೆಲಸ. ನೀಲಮ್ಮ ಸೀರೆ ಎತ್ತಿಕಟ್ಟಿ, ಕೆಳಗೆ ಓಡೆತ್ ಕೊಟ್ಟ ತೋಟದ ಪ್ಯಾಂಟು ತೊಟ್ಟು ಒಳಗೆ ಕೂತು ಪೆಡಲಿನ ಮೇಲೆ ಕಾಲಿಟ್ಟಳು. ಸರಿಯಾಗಿ ಮುಟ್ಟಿತು. ನಾನು ಪ್ಯಾಂಟಿನ ತುದಿ ಮಡಚಿಕೊಂಡೆ. ಅಲ್ಲಿ ನೀರಿರಲಿಲ್ಲ, ಆದರೂ ಮಡಚಿಕೊಂಡೆ.

ದಾರಿಯಲ್ಲಿ ಸೈಕಲ್ಲು ನಿಲ್ಲಿಸಿ ನೋಡುತ್ತಿದ್ದ ಹಿರಿಯನೊಬ್ಬ ಅದೇ ಪ್ರಶ್ನೆ ಕೇಳಿದ.

"ಎಷ್ಟು ಮಂದಿ ಕೂಡ್ತಾರ್ರಿ ಇದರಾಗ?"

"ಒಬ್ಬಾಕಿ" ಎಂದೆ, ಎರಡೂ ಕೈ ಹಚ್ಚಿ ನೂಕಿದೆ.